ಹಸು, ಆಕಳು, ಆವು: ಗುರುಮಠಕಲ್ ಕಡೆಯಿಂದ ಒಂದು ಉತ್ತರ

ಮೈಸೂರಿನಿಂದ ನೀವು ಕೇಳಿದ ಪ್ರಶ್ನೆ ನನಗೆ ಹೊಸದಲ್ಲ. ಬೆಂಗಳೂರಲ್ಲಿ ಇದ್ದಾಗ ರೂಮಿನವನು ಕೇಳಿದ್ದ, ಮದುವೆಗೆ ಬಂದ ಮೈಸೂರಿನ ನೆಂಟರೂ ಕೇಳಿದ್ದರು. "ನಿಮ್ಮ ಕಲ್ಯಾಣ ಕರ್ನಾಟಕದ ಕಡೆಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಕೊಟ್ಟಿದ್ದಾರೆ. ಸೀಟು ಇದೆ, ನೌಕರಿ ಇದೆ. ಸಿಲಬಸ್ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಆದರೂ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಕೊನೆಯಲ್ಲಿ ನೀವೇ. ಇದರಲ್ಲಿ ಅನ್ಯಾಯ ಆಗ್ತಿರೋದು ಯಾರಿಗೆ?" ನಿಮ್ಮ ಮಗಳಿಗೆ ಜಾಸ್ತಿ ಅಂಕ ಇದ್ದರೂ ಸೀಟು ತಪ್ಪಿತು ಅಂತ ಬರೆದಿದ್ದೀರಿ. ಆ ಹೊಟ್ಟೆ ಉರಿ ಅರ್ಥ ಆಗುತ್ತದೆ ಸರ್. ಮಗಳು ಓದಿದ್ದು ಸುಳ್ಳಲ್ಲ. ಆದರೆ "ಎಲ್ಲರಿಗೂ ಒಂದೇ" ಅಂತ ನೀವು ಬರೆದಿದ್ದೀರಲ್ಲ, ಅದರ ಬಗ್ಗೆ ನನ್ನದೊಂದು ತಕರಾರಿದೆ.

ನಮ್ಮೂರು ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ತೆಲಂಗಾಣ. ಮದುವೆ ಸೀರೆಗೆ ನಾರಾಯಣಪೇಟೆಗೆ ಹೋಗುತ್ತೇವೆ, ರೇಷನ್ ಕಾರ್ಡಿನ ಕೆಲಸಕ್ಕೆ ಯಾದಗಿರಿಗೆ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಸಂತೆಯಲ್ಲಿ ಕನ್ನಡ, ಮಸೀದಿ ಓಣಿಯಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ನಾನು ಎರಡು ವರ್ಷ ಒಂದು ತಾಂಡಾ ಹತ್ತಿರದ ಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿದ್ದೆ. ಗೌರವಧನ ಬಂದಾಗ ಬರುತ್ತಿತ್ತು. ಈಗ ಅದನ್ನ ಬಿಟ್ಟು ಗೊಬ್ಬರದ ಅಂಗಡಿ ಇಟ್ಟಿದ್ದೇನೆ.

ಮೊದಲ ವಾರದ್ದೇ ಒಂದು ಘಟನೆ. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ, ಆಟವಾಡುತ್ತ ಕಲಿಸುವ ನಲಿಕಲಿ ಪದ್ಧತಿ. ಗೋಡೆಯ ಮೇಲೆ ಅಕ್ಷರದ ಚಾರ್ಟು. 'ಹ' ಪಕ್ಕದಲ್ಲಿ ಹಸುವಿನ ಚಿತ್ರ. ಕೋಲು ಇಟ್ಟು, "ಇದೇನು?" ಅಂತ ಕೇಳಿದೆ. ತೆಲುಗು ಮನೆಯ ಹುಡುಗಿ "ಆವು" ಅಂದಳು. ತಾಂಡಾದ ಹುಡುಗ "ಗಾವಡಿ" ಅಂದ. ಸರಿ, ಕನ್ನಡದ ಮನೆಯವನಾದರೂ ಹೇಳಲಿ ಅಂತ ಮೂರನೆಯವನ ಕಡೆ ನೋಡಿದೆ. ಅವನು ಜೋರಾಗಿ "ಆಕಳಾ ರೀ ಸರ್" ಅಂದ. ನಮ್ಮ ಕಡೆ ಯಾರೂ ಹಸು ಅನ್ನುವುದಿಲ್ಲವಲ್ಲ. ಮೂರು ಮಕ್ಕಳೂ ಸರಿಯಾಗೇ ಹೇಳಿದರು. ಮೂವರ ಬಾಯಲ್ಲೂ 'ಹ' ಬರಲಿಲ್ಲ.

ಚಾರ್ಟು ಒಂದೇ. ನಿಮ್ಮೂರಿನ ಮಗುವಿಗೆ ಅದು ಗೊತ್ತಿರುವ ಮಾತಿಗೆ ಅಕ್ಷರ ಜೋಡಿಸುವ ಕೆಲಸ. ನಮ್ಮ ಮಗುವಿಗೆ ಮೊದಲು ಮಾತು, ಆಮೇಲೆ ಅಕ್ಷರ. ಅಷ್ಟೊತ್ತಿಗೆ ಆರು ತಿಂಗಳು ಹೋಗಿರುತ್ತದೆ. ತೆಲುಗು, ಮರಾಠಿ, ಉರ್ದು ಮೀಡಿಯಂ ಸರ್ಕಾರಿ ಶಾಲೆಗಳೂ ಇವೆ, ಇಲ್ಲ ಅನ್ನಲ್ಲ. ಬೀದರಿನ ಔರಾದ, ಭಾಲ್ಕಿ ಕಡೆ ಮರಾಠಿ ಶಾಲೆ ಸಿಗುತ್ತದೆ. ಲಂಬಾಣಿಗೆ ಮಾತ್ರ ಶಾಲೆಯೂ ಇಲ್ಲ, ಪಠ್ಯಪುಸ್ತಕವೂ ಇಲ್ಲ. ಹಾಗಾಗಿ ತಾಂಡಾದ ಮಕ್ಕಳು ಎಲ್ಲಿಗೆ ಹೋದರೂ ಬೇರೆ ಭಾಷೆಯೇ.

ಇದು ನಿನ್ನೆ ಮೊನ್ನೆಯದಲ್ಲ. ನಮ್ಮ ತಾತ ನಿಜಾಮರ ಕಾಲದಲ್ಲಿ ಶಾಲೆಗೆ ಹೋದವರು. ಆಗ ದಫ್ತರದ ಭಾಷೆ ಉರ್ದು, ಹೆಚ್ಚು ಓದಬೇಕಂದರೂ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಪಾಠ ಉರ್ದುವಿನಲ್ಲೇ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಮೇಲೆ ಕಚೇರಿ ಕಾಗದ ಕನ್ನಡಕ್ಕೆ ಬಂತು, ನಮ್ಮ ತಾತ ಅನಕ್ಷರಸ್ಥರಾದರು! ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಉರ್ದುವಿನಲ್ಲಿ ಚಂದ ಸಹಿ ಮಾಡುತ್ತಿದ್ದ ಮನುಷ್ಯ ಕನ್ನಡ ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ನಮ್ಮಪ್ಪ ಕನ್ನಡ ಮೀಡಿಯಂ. ನನ್ನ ಮಗ ಈಗ ಇಂಗ್ಲಿಷ್ ಮೀಡಿಯಂ. ನಾಲ್ಕು ತಲೆಮಾರಿನಲ್ಲಿ ಮೂರು ಮೀಡಿಯಂ. ಮಗನ ಹೋಂವರ್ಕ್ ಹೇಳಿಕೊಡೋಕೆ ಮನೆಯಲ್ಲಿ ಯಾರೂ ಇಲ್ಲ. ಅಪ್ಪನಿಗೂ ಇರಲಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ಇಡೀ ರಾಜ್ಯದ್ದು ಶೇ 75. ಹೆಂಗಸರ ಲೆಕ್ಕ ಇನ್ನೂ ಕೆಳಗೆ.

ಈಗ ರಿಸಲ್ಟಿಗೆ ಬರೋಣ. ಇಲ್ಲಿ ನಮ್ಮ ತಪ್ಪೂ ಇದೆ, ಅದನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ಯಾದಗಿರಿ ಶೇ 75ರಷ್ಟು ಪಾಸಾಗಿತ್ತು. ಮರುವರ್ಷ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಅಂದರು. ಶೇ 50.59ಕ್ಕೆ ಇಳಿಯಿತು. ಅದೇ ವರ್ಷ ಉಡುಪಿ ಶೇ 94. ರಾಜ್ಯದ ಎಲ್ಲರಿಗೂ ಗ್ರೇಸ್ ಮಾರ್ಕ್ಸ್ ಕೊಟ್ಟ ಮೇಲೂ ನಮ್ಮದು ಅಷ್ಟೇ. ನಡುವಿನ ಆ ಇಪ್ಪತ್ತೈದು ಎಲ್ಲಿ ಹೋಯಿತು ಅಂತ ಊರಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಕಿಟಕಿಯಿಂದ ಚೀಟಿ ಎಸೆಯುವವರು ಅಣ್ಣ, ಮಾವ ಎಲ್ಲ ನಮ್ಮವರೇ. 2025ರಲ್ಲಿ ಕೊನೆಯ ಸ್ಥಾನ ಪಕ್ಕದ ಕಲಬುರಗಿಗೆ ಹೋಯಿತು, ಶೇ 42.43. ನನ್ನ ಪ್ರಕಾರ ಕ್ಯಾಮೆರಾ ಬಂದಿದ್ದು ಒಳ್ಳೆಯದೇ. ಮೊದಲ ಸಲ ನಿಜವಾದ ಲೆಕ್ಕ ಸಿಕ್ಕಿತು. ಆದರೆ ಕ್ಯಾಮೆರಾ ಬಂದಷ್ಟು ಬೇಗ ಗಣಿತದ ಮಾಸ್ತರು ಬರಲಿಲ್ಲ.

ಹಾಜರಿ ಪುಸ್ತಕ ನೋಡಿದರೆ ಉಳಿದದ್ದು ತಿಳಿಯುತ್ತದೆ. ಜೂನ್, ಜುಲೈ ತುಂಬಿರುತ್ತದೆ. ದಸರಾ ರಜೆ ಮುಗಿದ ಮೇಲೆ ಗೈರು ಶುರು. ಹತ್ತಿ ಬಿಡಿಸುವ ಕಾಲ. ಕಿಲೋ ಲೆಕ್ಕದಲ್ಲಿ ಕೂಲಿ, ಹಾಗಾಗಿ ಎಷ್ಟು ಕೈ ಇದ್ದರೆ ಅಷ್ಟು ದುಡ್ಡು. ಅದು ಮುಗಿಯುವಷ್ಟರಲ್ಲಿ ತೊಗರಿ. ಆಮೇಲೆ ಗುಳೆ. ಬೆಂಗಳೂರು, ಪುಣೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಮನೆಗೆ ಮನೆಯೇ ಹೊರಡುತ್ತದೆ. ನಿಮ್ಮ ಬಡಾವಣೆಯಲ್ಲಿ ಮನೆ ಕಟ್ಟುವ ಕಡೆ ತಗಡಿನ ಶೆಡ್ ನೋಡಿರ್ತೀರಿ. ಅದರಲ್ಲಿರುವ ಮಗುವಿನ ಹೆಸರು ನಮ್ಮ ಶಾಲೆಯ ಹಾಜರಿಯಲ್ಲಿ ಇರಬಹುದು.

ತತ್ತಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ತತ್ತಿ ಅಂದರೆ ನೀವು ಮೊಟ್ಟೆ ಅನ್ನುತ್ತೀರಲ್ಲ, ಅದು. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಮಕ್ಕಳಿಗೆ ಬಿಸಿಯೂಟದ ಜೊತೆ ತತ್ತಿ ಕೊಡೋಕೆ ಶುರು ಮಾಡಿದರು. ಈ ಕಡೆ ಅಪೌಷ್ಟಿಕತೆ ಜಾಸ್ತಿ ಅನ್ನುವುದೇ ಕಾರಣ. ಬೇಡ ಅಂದವರಿಗೆ ಬಾಳೆಹಣ್ಣು. ಕೆಲವು ಮಠಗಳು ವಿರೋಧ ಮಾಡಿದವು. ಒಂದೇ ಸಾಲಿನಲ್ಲಿ ಕೂತು ಉಣ್ಣುವ ಮಕ್ಕಳಲ್ಲಿ ಭೇದ ಬರುತ್ತದೆ ಅನ್ನುವುದು ಅವರ ವಾದ. ಅದೂ ಸಮಾನತೆಯ ಮಾತೇ, ನೋಡಿ. ಎಲ್ಲರಿಗೂ ಕೊಡೋಕೆ ಆಗದಿದ್ದರೆ ಯಾರಿಗೂ ಬೇಡ ಅನ್ನುವ ಸಮಾನತೆ.

ನಮ್ಮ ಶಾಲೆಯಲ್ಲಿ ಅಂಥ ಭೇದವೇನೂ ನಾನು ಕಾಣಲಿಲ್ಲ. ಜಗಳ ಇದ್ದದ್ದು ಹಳದಿ ಯಾರಿಗೆ ಅಂತ. ಒಬ್ಬ ಹುಡುಗ ಅಡುಗೆ ಕೋಣೆಯ ಗೋಡೆಗೆ ಇದ್ದಿಲಿನಲ್ಲಿ ಗೀಟು ಹಾಕುತ್ತಿದ್ದ, ಒಂದು ತತ್ತಿಗೆ ಒಂದು ಗೀಟು. ಶಾಲೆ ತಪ್ಪಿಸಿದ ದಿನ ಗೀಟು ಇಲ್ಲ. ಅಡುಗೆಯಕ್ಕ ಗೋಡೆ ಹೊಲಸು ಮಾಡಿದ ಅಂತ ಬೈದರೂ ಅಳಿಸಲಿಲ್ಲ. ನಮ್ಮ ಹಾಜರಿ ಪುಸ್ತಕಕ್ಕಿಂತ ಅದೇ ಸರಿಯಾಗಿತ್ತು ಅಂತ ನನಗೆ ಅನುಮಾನ. ತತ್ತಿ ತಿಂದ ಯಾದಗಿರಿಯ ಮಕ್ಕಳನ್ನ, ತತ್ತಿ ಇಲ್ಲದ ಗದಗಿನ ಮಕ್ಕಳ ಜೊತೆ ತೂಗಿ ನೋಡಿದರು. ನಮ್ಮವರ ತೂಕ ಹೆಚ್ಚು ಏರಿತ್ತು. 2022ರಲ್ಲಿ ಇಡೀ ರಾಜ್ಯಕ್ಕೆ ತತ್ತಿ ಬಂತು. ನಿಮ್ಮ ಮೈಸೂರಿಗೂ ಬಂತು.

ಈಗ 371ಜೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು. ನಮ್ಮ ಪ್ರದೇಶದ ಕಾಲೇಜುಗಳಲ್ಲಿ ಶೇ 70 ಸೀಟು ಇಲ್ಲಿಯವರಿಗೆ, ರಾಜ್ಯದ ಉಳಿದ ಕಡೆ ಶೇ 8. ಅದಕ್ಕೆ ಮುಂಚೆ 2002ರಲ್ಲೇ ನಂಜುಂಡಪ್ಪ ಸಮಿತಿ ಹೇಳಿತ್ತು: ರಾಜ್ಯದ ಅತಿ ಹಿಂದುಳಿದ 39 ತಾಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದಲ್ಲೇ ಇವೆ ಅಂತ. ಹಾಗಾಗಿ ಈ ಸೀಟು ಯಾರೋ ದಯೆ ತೋರಿ ಕೊಟ್ಟದ್ದಲ್ಲ. ನಮ್ಮ ಕಡೆಯ ಎಷ್ಟೋ ಹುಡುಗರು ಡಾಕ್ಟರು, ಎಂಜಿನಿಯರು ಆಗಿದ್ದಾರೆ. ಯಾದಗಿರಿಯಲ್ಲೇ ಈಗ ಮೆಡಿಕಲ್ ಕಾಲೇಜಿದೆ. ಇದು ಬೇಕು, ಇನ್ನೂ ಬಹಳ ವರ್ಷ ಬೇಕು.

ಆದರೆ ನನ್ನ ತಕರಾರು ಬೇರೆ ಕಡೆಗಿದೆ. ನಿಮ್ಮ ಮಗಳ ಸೀಟು ತಗೊಂಡದ್ದು ಬಹುಶಃ ತಾಂಡಾದ ಮಗು ಅಲ್ಲ. ಕಲಬುರಗಿ ಪಟ್ಟಣದಲ್ಲಿ ಇಬ್ಬರೂ ನೌಕರಿಯಲ್ಲಿರುವ ಮನೆಯ ಮಗು ಇರಬಹುದು. ಟ್ಯೂಷನ್ ಹೋಗಿದೆ, ಪಿಯುಸಿ ಬೇರೆ ಊರಲ್ಲಿ ಮಾಡಿದೆ, ಈ ಪ್ರದೇಶದವರು ಅಂತ ತೋರಿಸುವ ಎಚ್‌ಕೆ (ಹೈದರಾಬಾದ್ ಕರ್ನಾಟಕ) ಸರ್ಟಿಫಿಕೇಟೂ ಇದೆ. ತಪ್ಪು ಅಂತ ಹೇಳುತ್ತಿಲ್ಲ, ಅವರೂ ಇಲ್ಲಿಯವರೇ. ಆದರೆ ಮೀಸಲಾತಿ ನಿಂತಿರುವುದು ಪಿಯುಸಿ ಆದ ಮೇಲಿನ ಬಾಗಿಲಲ್ಲಿ. ನಮ್ಮ ಮಕ್ಕಳು ಜಾರುವುದು ಏಳರಿಂದ ಎಂಟಕ್ಕೆ ಹೋಗುವ ದಾರಿಯಲ್ಲಿ.

ನನ್ನ ಕೈಯಲ್ಲಿ ಏಳನೇ ತರಗತಿ ಓದಿದ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ನನಗಿಂತ ಚುರುಕು. ಬಡ್ಡಿ ಲೆಕ್ಕ ಬಾಯಲ್ಲೇ ಹಾಕುತ್ತಿದ್ದಳು, ಮನೆಯಲ್ಲಿ ಸಾಲ ಇದ್ದಿದ್ದಕ್ಕೇ ಇರಬೇಕು. ಊರಲ್ಲಿ ಶಾಲೆ ಏಳಕ್ಕೆ ಮುಗಿಯಿತು. ಹೈಸ್ಕೂಲು ಆರು ಕಿಲೋಮೀಟರ್. ಬೆಳಿಗ್ಗೆ ಒಂದೇ ಬಸ್ಸು. ಹೆಣ್ಮಕ್ಕಳಿಗೆ ಬಸ್ ಫ್ರೀ ಆದಾಗ ಖುಷಿಪಟ್ಟೆವು. ಆಮೇಲೆ ಬಸ್ಸು ಗುರುಮಠಕಲ್ಲಿನಿಂದಲೇ ತುಂಬಿ ಬರತೊಡಗಿತು, ತಾಂಡಾ ಕ್ರಾಸಿನಲ್ಲಿ ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ. ಎಂಟನೇ ತರಗತಿಗೆ ನಾಲ್ಕು ತಿಂಗಳು ಹೋದಳು. ಹತ್ತಿ ಶುರುವಾದ ಮೇಲೆ ಹೋಗಲಿಲ್ಲ. ಅವಳು ಎಸ್ಸೆಸ್ಸೆಲ್ಸಿ ಪಾಸಾದವರ ಲೆಕ್ಕದಲ್ಲೂ ಇಲ್ಲ, ಫೇಲಾದವರ ಲೆಕ್ಕದಲ್ಲೂ ಇಲ್ಲ. ಪರೀಕ್ಷೆಗೇ ಕೂರಲಿಲ್ಲವಲ್ಲ.

ಕಳೆದ ವರ್ಷ ಯಾದಗಿರಿಯ ಕಚೇರಿ ಎದುರು ಸಿಕ್ಕಳು. ತಮ್ಮನಿಗೆ ಎಚ್‌ಕೆ ಸರ್ಟಿಫಿಕೇಟ್ ಮಾಡಿಸೋಕೆ ಬಂದಿದ್ದಳು. ಅರ್ಜಿಯನ್ನ ಅವಳೇ ತುಂಬಿದ್ದಳು, ಕನ್ನಡದಲ್ಲಿ, ಒಂದೂ ತಪ್ಪಿಲ್ಲದೆ. "ನೋಡ್ರಿ ಸರ್, ಸರಿ ಅದ ಏನು?" ಅಂತ ನನ್ನ ಕೈಗೆ ಕೊಟ್ಟಳು. ಹಿಂದೆ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ತಮ್ಮ ಅರ್ಜಿಯನ್ನೂ ತುಂಬಿಕೊಡು ಅಂತ ಅವಳಿಗೆ ಕೊಟ್ಟು ಕಾಯುತ್ತಿದ್ದರು.