ಪ್ರತಿಕ್ರಿಯೆ: ಮೆಷಿನ್ ನಿಂತಿದ್ದರೂ ಡ್ಯಾಶ್‌ಬೋರ್ಡ್‌ನಲ್ಲಿ ‘ರನ್ನಿಂಗ್’

ನಿಮ್ಮ ಸಿಎನ್‌ಸಿ ಲೇತ್ ಸುಮ್ನೆ ನಿಂತಾಗಲೂ ‘ರನ್ನಿಂಗ್’ ಅಂತ ತೋರಿಸೋದಕ್ಕೆ ಕಾರಣ ಬಹುಶಃ ಸಿಟಿ ಸೆನ್ಸರ್ (ಕೇಬಲ್‌ನಲ್ಲಿ ಹರಿಯುವ ಕರೆಂಟ್ ಅಳೆಯುವ ಸಾಧನ) ಹಾಕಿರುವ ಜಾಗ. ಮೂರು ತಿಂಗಳ ಡೇಟಾಗೆ ಎಐ ಬಳಸಬಹುದೇ ಎಂದು ಕೇಳಿದ್ದೀರಿ; ಸೆನ್ಸರನ್ನು ಮೇನ್ ಕೇಬಲ್‌ಗೆ ಹಾಕಿದ್ದೀನಿ ಎಂದಿದ್ದೀರಿ. ಅಲ್ಲಿ ಹೈಡ್ರಾಲಿಕ್ ಪಂಪ್, ಪ್ಯಾನೆಲ್ ಎಸಿ, ಸರ್ವೋ ಮೋಟಾರ್ ಎಲ್ಲದರ ಕರೆಂಟೂ ಸೇರಿ ಬರುತ್ತದೆ. ಸ್ಪಿಂಡಲ್ (ಜಾಬ್ ತಿರುಗಿಸುವ ಭಾಗ) ನಿಂತರೂ ಸೊನ್ನೆಗೆ ಇಳಿಯುವುದಿಲ್ಲ.

ಮೊದಲು ಮೆಷಿನ್ ಆನ್ ಇಟ್ಟು, ಸೈಕಲ್ ಹಾಕದೆ (ಪ್ರೋಗ್ರಾಂ ಓಡಿಸದೆ), ಹತ್ತು ನಿಮಿಷ ಕರೆಂಟ್ ಗಮನಿಸಿ. ಆಮೇಲೆ ಒಂದು ಜಾಬ್ ಓಡಿಸಿ. ಅದು ಫಿನಿಶಿಂಗ್ ಕಟ್ಟೇ (ಕೊನೆಯ ತೆಳು ಕಟ್) ಆಗಲಿ, ಅದರಲ್ಲಿ ಲೋಡ್ ತೀರಾ ಕಡಿಮೆ. ಎರಡರ ನಡುವೆ ಒಳ್ಳೆ ಅಂತರವಿದ್ದರೆ ‘ರನ್ನಿಂಗ್’ ಎಂದು ಪರಿಗಣಿಸುವ ಕರೆಂಟ್ ಮಿತಿಯನ್ನು ಮಧ್ಯಕ್ಕೆ ಏರಿಸಿ, ಅಷ್ಟೇ ಸಾಕಾಗಬಹುದು.

ಅಂತರ ಸಾಲದಿದ್ದರೆ ಸಿಟಿ ಸೆನ್ಸರ್ ಬಿಡಿ. ಮೇನ್ ಆಫ್ ಮಾಡಿ, ಟವರ್ ಲ್ಯಾಂಪ್‌ನ (ಮೆಷಿನ್ ಸ್ಥಿತಿ ತೋರಿಸುವ ಬಣ್ಣದ ದೀಪಗಳ ಕಂಬ) ಹಸಿರು ದೀಪದಿಂದ ಸಿಗ್ನಲ್ ತೆಗೆದುಕೊಳ್ಳಿ. ಅದು ಸಾಮಾನ್ಯವಾಗಿ 24 ವೋಲ್ಟ್. ನಿಮ್ಮ ಇಎಸ್‌ಪಿ32 (ಸೆನ್ಸರ್ ಓದುವ ಚಿಕ್ಕ ಕಂಟ್ರೋಲರ್ ಬೋರ್ಡ್) ಪಿನ್‌ಗಳು 3.3 ವೋಲ್ಟ್‌ನವು, ಹಾಗಾಗಿ ನಡುವೆ ಆಪ್ಟೊಕಪ್ಲರ್ (ಎರಡು ಕಡೆಯ ವೋಲ್ಟೇಜ್ ಬೇರೆಯಿಟ್ಟು ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಬೇಕೇ ಬೇಕು. (ಒಂದು ಬೋರ್ಡ್ ಸುಟ್ಟ ಮೇಲೆ ಕಲಿತ ಪಾಠ.) ಕೆಲವು ಮೆಷಿನ್‌ಗಳಲ್ಲಿ ಫೀಡ್ ಹೋಲ್ಡ್ (ಟೂಲ್ ಚಲನೆ ತಾತ್ಕಾಲಿಕವಾಗಿ ನಿಲ್ಲಿಸುವ ಬಟನ್) ಮಾಡಿದರೂ ಹಸಿರು ಉರಿಯುತ್ತಿರುತ್ತದೆ. ನಿಮ್ಮದು ಹೇಗೋ, ಒಮ್ಮೆ ಒತ್ತಿ ನೋಡಿ. ಫನುಕ್ ಕಂಟ್ರೋಲರ್‌ನಲ್ಲಿ ಈಥರ್ನೆಟ್ ಇದ್ದರೆ ಫೋಕಾಸ್ (ಕಂಟ್ರೋಲರ್‌ನ ಡೇಟಾ ಓದಲು ಫನುಕ್‌ನ ಸಾಫ್ಟ್‌ವೇರ್ ಲೈಬ್ರರಿ) ಮೂಲಕ, ಸಾಮಾನ್ಯವಾಗಿ 8193 ಪೋರ್ಟ್‌ನಲ್ಲಿ, ಸ್ಥಿತಿಯನ್ನೇ ಓದಬಹುದು. ಹಳೆಯ ಮಾಡೆಲ್ ಆದರೆ ಈ ಸೌಲಭ್ಯ ಇರದಿರಬಹುದು.

ಎಐ ಈಗಲೇ ಬೇಡ. ನಿಮ್ಮ ಮೂರು ತಿಂಗಳ ಡೇಟಾದಲ್ಲಿ ನಿಂತ ಹೊತ್ತೂ ಓಡಿದ ಹೊತ್ತೆಂದೇ ದಾಖಲಾಗಿದೆ ಅಲ್ವಾ? ಅದನ್ನು ಬದಿಗಿಡಿ. ಒಂದು ಶಿಫ್ಟ್ ಪೂರ್ತಿ ಮೆಷಿನ್ ಪಕ್ಕ ನಿಂತು ಕೈಯಲ್ಲಿ ಬರೆದುಕೊಳ್ಳಿ. ಅದಕ್ಕೂ ಡ್ಯಾಶ್‌ಬೋರ್ಡ್‌ಗೂ ತಾಳೆಯಾದ ದಿನದಿಂದ ಹೊಸದಾಗಿ ಡೇಟಾ ಕೂಡಿಡಿ.