ಅರಿಜೋನದಲ್ಲಿ ಹನಿ ನೀರಾವರಿಗೆ ಶೇ. 75ರ ತೆರಿಗೆ ಕ್ರೆಡಿಟ್: ಪೈಪ್ ಕೊಳ್ಳುವ ಮೊದಲು ಓದಿ

ಅಕ್ಕ, ಅಮೆರಿಕದ ಅರಿಜೋನ ರಾಜ್ಯದ ಪಿನಾಲ್ ಕೌಂಟಿಯಲ್ಲಿ ಕೊಂಡಿರುವ ಹತ್ತು ಎಕರೆ ಪಿಕಾನ್ ತೋಟಕ್ಕೆ ನೀರು ಹಾಯಿಸುವುದನ್ನು ಬಿಟ್ಟು ಡ್ರಿಪ್ ಹಾಕಿಸಬೇಕೆಂದಿದ್ದೇವೆ, ಖರ್ಚಿನ ಮುಕ್ಕಾಲು ಪಾಲನ್ನು ರಾಜ್ಯ ವಾಪಸ್ ಕೊಡುತ್ತದಂತೆ, ಹೌದೇ ಎಂದು ಕೇಳಿದ್ದೀರಿ. ಮುಕ್ಕಾಲು ಪಾಲು ಎಂಬುದು ಸರಿ, ವಾಪಸ್ ಕೊಡುತ್ತದೆ ಎಂಬುದು ಸರಿಯಲ್ಲ. ಗುತ್ತಿಗೆದಾರರಿಗೆ ಮುಂಗಡ ಕೊಟ್ಟಿಲ್ಲ ತಾನೇ? ಕೊಟ್ಟಿಲ್ಲವಾದರೆ ಸ್ವಲ್ಪ ತಡೆಯಿರಿ.

ನಮ್ಮ ಕರ್ನಾಟಕದಲ್ಲಿ 2 ಹೆಕ್ಟೇರ್‌ವರೆಗೆ ಡ್ರಿಪ್‌ಗೆ ಶೇ. 90 ಸಬ್ಸಿಡಿ ಎಂದರೆ ಅದು ಸರ್ಕಾರ ಕೊಡುವ ಹಣ. ಇಲ್ಲಿನದು ಹಾಗಲ್ಲ. ನೀವು ಅರಿಜೋನಕ್ಕೆ ಕಟ್ಟಬೇಕಾದ ಆದಾಯ ತೆರಿಗೆಯಲ್ಲಿ ಮುರಿದುಕೊಳ್ಳುವ ಅವಕಾಶ ಅಷ್ಟೇ. ತೆರಿಗೆ ಸೊನ್ನೆಯಾದ ಮೇಲೆ ಉಳಿದದ್ದು ಕೈಗೆ ಬರುವುದಿಲ್ಲ. ಮುಂದಿನ 5 ವರ್ಷಗಳ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಆಮೇಲೂ ಉಳಿದರೆ ಹೋದಂತೆಯೇ.

ಬಹಳ ಜನ ಎಡವುವುದು ಇಲ್ಲಿಯೇ. 2023ರಿಂದ ಅರಿಜೋನದ ತೆರಿಗೆ ಎಲ್ಲರಿಗೂ ಒಂದೇ ದರ, ಶೇ. 2.5. ನಿಮ್ಮಿಬ್ಬರ ತೆರಿಗೆಗೆ ಒಳಪಡುವ ಆದಾಯ 1 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. ರಾಜ್ಯದ ತೆರಿಗೆ ವರ್ಷಕ್ಕೆ 2,500 ಡಾಲರ್. ಡ್ರಿಪ್‌ಗೆ 20,000 ಡಾಲರ್ ಖರ್ಚಾದರೆ ಕ್ರೆಡಿಟ್ 15,000. ಮೊದಲ ವರ್ಷ ಮತ್ತು ನಂತರದ ಐದು ವರ್ಷ ಸೇರಿ ಆರು ವರ್ಷಕ್ಕೆ ಅದು ಸರಿಯಾಗಿ ತೀರುತ್ತದೆ. ಅದೇ 40,000 ಡಾಲರ್ ಸುರಿದರೆ ಕ್ರೆಡಿಟ್ ಕಾಗದದ ಮೇಲೆ 30,000. ಬಳಕೆಯಾಗುವುದು ಮಾತ್ರ ಆಗಲೂ 15,000. ಜೊತೆಗೆ, ಇಲ್ಲಿ ನಮ್ಮವರಲ್ಲಿ ಅನೇಕರು ಪ್ರತಿ ವರ್ಷ ಶಾಲೆಗೂ ದತ್ತಿ ಸಂಸ್ಥೆಗಳಿಗೂ ಹಣ ಕೊಟ್ಟು ಕ್ರೆಡಿಟ್ ಪಡೆಯುತ್ತಾರೆ. ಅದೂ ಇದೇ 2,500ರಲ್ಲಿಯೇ ಕಳೆಯಬೇಕು. ಆದ್ದರಿಂದ ಗುತ್ತಿಗೆದಾರರ ಕೊಟೇಶನ್ ನೋಡುವ ಮೊದಲು ಕಳೆದ ವರ್ಷದ ರಾಜ್ಯದ ರಿಟರ್ನ್ ತೆಗೆದು ನಿಮ್ಮ ತೆರಿಗೆ ಎಷ್ಟಿತ್ತು ಎಂದು ನೋಡಿ. ಅದೇ ನಿಮ್ಮ ವರ್ಷದ ಮಿತಿ.

ಇನ್ನು ಅರ್ಹತೆ. ವ್ಯವಸ್ಥೆಯ ಮುಖ್ಯ ಉದ್ದೇಶ ಬೆಳೆ ಅಥವಾ ಜಾನುವಾರು ಸಾಕಣೆಯ ಜಮೀನಿನಲ್ಲಿ ಗಣನೀಯವಾಗಿ ನೀರು ಉಳಿಸುವುದಾಗಿರಬೇಕು. ಮನೆಯ ಮುಂದಿನ ಹುಲ್ಲುಹಾಸಿನ ಪೈಪನ್ನು ಇದರಲ್ಲಿ ಸೇರಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅಮೆರಿಕದ ಕೇಂದ್ರ ಕೃಷಿ ಇಲಾಖೆಯ ಎನ್‌ಆರ್‌ಸಿಎಸ್ (ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ಸೇವೆ) ಕಚೇರಿಯಲ್ಲಿ ನಿಮ್ಮ ಜಮೀನಿನ ಸಂರಕ್ಷಣಾ ಯೋಜನೆ ದಾಖಲಾಗಿ ಜಾರಿಯಲ್ಲಿರಬೇಕು, ಮಾಡಿದ ಖರ್ಚು ಆ ಯೋಜನೆಗೆ ಹೊಂದಬೇಕು. ಕಾನೂನಿನಲ್ಲಿ ಹಳೆಯ ಹೆಸರು 'ಸಾಯಿಲ್ ಕನ್ಸರ್ವೇಶನ್ ಸರ್ವೀಸ್' ಎಂದು ಕಂಡರೆ ಗಾಬರಿಯಾಗಬೇಡಿ, ಅದೇ ಸಂಸ್ಥೆ 1994ರಲ್ಲಿ ಹೆಸರು ಬದಲಿಸಿಕೊಂಡಿತು. ಯೋಜನೆಯಿಲ್ಲದೆ ಎಷ್ಟು ಚೆಂದದ ಡ್ರಿಪ್ ಹಾಕಿಸಿದರೂ ಈ ಕ್ರೆಡಿಟ್ ಕೇಳಲು ಆಧಾರವಿರುವುದಿಲ್ಲ.

ಆ ಕಚೇರಿಗೆ ಹೋದಾಗ ಈಕ್ವಿಪ್ (ಸಂರಕ್ಷಣಾ ಕೆಲಸಗಳಿಗೆ ರೈತರಿಗೆ ಸಿಗುವ ಕೇಂದ್ರದ ಯೋಜನೆ) ನೆರವಿನ ಬಗ್ಗೆಯೂ ವಿಚಾರಿಸಿ. ಅದು ನಿಜವಾದ ಹಣದ ಸಹಾಯ. ಆದರೆ ಒಪ್ಪಂದಕ್ಕೆ ಸಹಿಯಾಗುವ ಮೊದಲೇ ಕೆಲಸ ಆರಂಭಿಸಿದರೆ ಸಾಮಾನ್ಯವಾಗಿ ಆ ಕೆಲಸಕ್ಕೆ ನೆರವು ಸಿಗುವುದಿಲ್ಲ. ಸಣ್ಣ ತೆರಿಗೆಯ ಕುಟುಂಬಕ್ಕೆ ಶೇ. 75ರ ಕ್ರೆಡಿಟ್‌ಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬರಬಹುದು ಎಂಬುದು ನನ್ನ ಅಭಿಪ್ರಾಯ. ನೆರವು ಬಂದರೆ ಕ್ರೆಡಿಟ್ ಲೆಕ್ಕಕ್ಕೆ ನಿಮ್ಮ ಕೈಯಿಂದ ಹೋದ ಹಣವನ್ನು ಮಾತ್ರ ಹಿಡಿಯಿರಿ.

ಬಿಲ್ ವಿಷಯದಲ್ಲಿ ಗಟ್ಟಿಯಾಗಿರಿ. 'ಡ್ರಿಪ್ ಕೆಲಸ, ಒಟ್ಟು ಇಷ್ಟು' ಎಂಬ ಒಂದೇ ಸಾಲಿನ ರಸೀದಿ ಬೇಡ. ಮರಳು ಫಿಲ್ಟರ್, ಮುಖ್ಯ ಪೈಪ್, ಲ್ಯಾಟರಲ್ (ಸಾಲುಗಳಿಗೆ ಹೋಗುವ ಕವಲು ಪೈಪ್), ಡ್ರಿಪ್ಪರ್, ವಾಲ್ವ್, ಅಳವಡಿಕೆಯ ಕೂಲಿ, ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ, ದಿನಾಂಕದೊಂದಿಗೆ ಬರಲಿ. ಅದೇ ಗುತ್ತಿಗೆದಾರರು ಬೇಲಿಯನ್ನೂ ಹಾಕಿದ್ದರೆ ಅದಕ್ಕೆ ಪ್ರತ್ಯೇಕ ಬಿಲ್ ಕೇಳಿ. ಫಿಲ್ಟರ್‌ನಲ್ಲಿ ಜಿಪುಣತನ ಮಾಡಬೇಡಿ, ಆದರೆ ನೀರಿನಲ್ಲಿ ಕರಗಿದ ಸುಣ್ಣವನ್ನು ಅದು ತಡೆಯುವುದಿಲ್ಲ ಎಂಬುದೂ ನೆನಪಿರಲಿ: ಕೋಲಾರದ ಕೊಳವೆಬಾವಿ ನೀರಿನಂತೆ ಇಲ್ಲಿನ ನೀರೂ ಗಡಸು, ಡ್ರಿಪ್ಪರ್ ಬಾಯಿಯಲ್ಲಿ ಬಿಳಿ ಸುಣ್ಣ ಕಟ್ಟಿ ಹನಿ ನಿಂತುಹೋಗುತ್ತದೆ. ಮರ ಬಾಡುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ.

ರಿಟರ್ನ್ ಸಲ್ಲಿಸುವಾಗ ಈ ಕ್ರೆಡಿಟ್‌ನ ಫಾರಂ 312 ತುಂಬಿ, ಮೊತ್ತವನ್ನು ಎಲ್ಲ ಕ್ರೆಡಿಟ್‌ಗಳನ್ನು ಒಟ್ಟುಗೂಡಿಸುವ ಫಾರಂ 301ಕ್ಕೆ ಒಯ್ದು, ಎರಡನ್ನೂ ಲಗತ್ತಿಸಬೇಕು. ಕ್ರೆಡಿಟ್ ಪಡೆದ ಖರ್ಚಿಗೆ ಅರಿಜೋನ ಲೆಕ್ಕದಲ್ಲಿ ಸವಕಳಿ ಇತ್ಯಾದಿ ಕಡಿತ ಇಲ್ಲ. ಕೇಂದ್ರದ ರಿಟರ್ನ್‌ನಲ್ಲಿ ಕಡಿತ ತೋರಿಸಿದ್ದರೆ ರಾಜ್ಯದ ಆದಾಯಕ್ಕೆ ಅದನ್ನು ಮತ್ತೆ ಕೂಡಿಸಬೇಕು. ಹೊಸ ಲೆಕ್ಕಿಗರು ಇದನ್ನು ಮರೆಯುವ ಸಂಭವವಿದೆ, ನೀವೇ ನೆನಪಿಸಿ.

ಕೊನೆಗೆ, ನೀವು ಕೇಳದ ಒಂದು ವಿಷಯ. ಪಿನಾಲ್‌ನಲ್ಲಿ 1980ರ ಅಂತರ್ಜಲ ಕಾಯ್ದೆ ಕಟ್ಟುನಿಟ್ಟಾಗಿ ಅನ್ವಯಿಸುತ್ತದೆ. 1975ರಿಂದ 1980ರ ನಡುವೆ ನೀರಾವರಿಯಾಗಿದ್ದ ಜಮೀನಿಗೆ ಮಾತ್ರ, ಅದರಿಂದ ಸಿಕ್ಕ ನೀರಾವರಿ ಹಕ್ಕಿನ ಆಧಾರದ ಮೇಲೆ, ಈಗಲೂ ನೀರು ಹರಿಸಬಹುದು. ಎರಡು ಎಕರೆಯೊಳಗಿನ ತುಂಡಿಗಷ್ಟೇ ವಿನಾಯಿತಿ. ನಿಮ್ಮ ಹತ್ತು ಎಕರೆಯೂ ಆ ಹಕ್ಕಿನ ಪತ್ರದಲ್ಲಿ ಸೇರಿದೆಯೇ, ಪತ್ರ ನಿಮ್ಮ ಹೆಸರಿಗೆ ಬದಲಾಗಿದೆಯೇ ಎಂದು ರಾಜ್ಯದ ಜಲಸಂಪನ್ಮೂಲ ಇಲಾಖೆಯಲ್ಲಿ ನೋಡಿಸಿ. ಅದು ಸರಿಯಿದ್ದರೆ ಕಳೆದ ವರ್ಷದ ರಾಜ್ಯ ತೆರಿಗೆಯ ಮೊತ್ತ ಮತ್ತು ಕೊಟೇಶನ್ ಮೊತ್ತ, ಈ ಎರಡು ಅಂಕಿಗಳನ್ನು ಇಲ್ಲಿ ಹಾಕಿ. ಕೆಲಸವನ್ನು ಒಮ್ಮೆಲೇ ಮಾಡಿಸುವುದೋ, ಅರ್ಧವನ್ನು ಕೆಲವು ವರ್ಷ ಮುಂದೂಡುವುದೋ ಎಂದು ಕೂತು ಲೆಕ್ಕ ಹಾಕೋಣ.