ನದಿದಂಡೆಯ ಅಳತೆ ತಂತಿಯಿಲ್ಲದೆ ಕಾರ್ಖಾನೆಗೆ ತಲುಪುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸಕ್ಕರೆ ಕಾರ್ಖಾನೆಗೆ ಘಟಪ್ರಭಾ ನದಿಯ ನೀರು ಬರುತ್ತದೆ. ನದಿಯಿಂದ ನೀರೆತ್ತುವ ಬಾವಿ, ಅಂದರೆ ಜಾಕ್‌ವೆಲ್, ಇರುವುದು ಕಾರ್ಖಾನೆಯಿಂದ 8 ಕಿಲೋಮೀಟರ್ ದೂರದಲ್ಲಿ. ಅಲ್ಲಿನ ನೀರಿನ ಮಟ್ಟ, ಪೈಪಿನ ಒತ್ತಡ ಮತ್ತು ಹರಿವನ್ನು ಕಂಟ್ರೋಲ್ ರೂಮಿನಲ್ಲಿ ನೋಡಲೆಂದು ಎಳೆದಿದ್ದ ಕೇಬಲ್ ರಸ್ತೆ ಅಗಲ ಮಾಡುವಾಗ ಎರಡು ಕಡೆ ತುಂಡಾಯಿತು. ಉಳಿದದ್ದನ್ನು ತಾಮ್ರದ ಆಸೆಗೆ ಯಾರೋ ಕಿತ್ತೊಯ್ದರು. ಈಗ ರಾತ್ರಿ ಪಾಳಿಯಲ್ಲಿ ಗಂಟೆಗೊಮ್ಮೆ ಫೋನ್ ಮಾಡಿ ಮೀಟರ್ ಓದಿಸಿಕೊಳ್ಳುತ್ತೇವೆ. ಸಿಮ್ ಹಾಕುವ ಉಪಕರಣ ಕೊಳ್ಳುವುದೋ, ಸ್ವಂತ ರೇಡಿಯೊ ಹಾಕುವುದೋ?
– ಮುಧೋಳದ ಓದುಗರು

ಉತ್ತರ: ನೀವು ಕಳುಹಿಸಬೇಕಾದ ಮೂರು ಅಳತೆಗಳು ಒಟ್ಟಾಗಿ ಹತ್ತಿಪ್ಪತ್ತು ಬೈಟ್‌ಗಳಷ್ಟು ಮಾತ್ರ, ನಿಮಿಷಕ್ಕೊಮ್ಮೆ ಬಂದರೆ ಸಾಕು. ಇಷ್ಟು ಸಣ್ಣ ಹೊರೆಗೆ ಸ್ವಂತ ರೇಡಿಯೊ ಚೆನ್ನಾಗಿ ಒದಗುತ್ತದೆ, ನಡುವೆ ಗುಡ್ಡವಿಲ್ಲದಿದ್ದರೆ ಅದನ್ನೇ ಹಾಕಿ ಎಂಬುದು ನನ್ನ ಸಲಹೆ. ಸಿಮ್ ಉಪಕರಣ ಅಗ್ಗ, ಒಂದು ದಿನದಲ್ಲಿ ಕೂರಿಸಬಹುದು, ನಿಜ. ಆದರೆ 2019ರ ಆಗಸ್ಟಿನಲ್ಲಿ ಬಂದಂಥ ಪ್ರವಾಹದ ಹೊತ್ತಿನಲ್ಲಿ, ನದಿಯ ಮಟ್ಟ ನಿಮಗೆ ತೀರಾ ಬೇಕಾದ ಗಳಿಗೆಯಲ್ಲೇ, ಕರೆಂಟ್ ಹೋಗಿ ಊರಿನ ಮೊಬೈಲ್ ಟವರ್ ಸುಮ್ಮನಾದರೆ ನೀವು ಮಾಡಬಹುದಾದದ್ದು ಏನೂ ಉಳಿಯುವುದಿಲ್ಲ. ಸಾಧ್ಯವಿದ್ದರೆ ರೇಡಿಯೊವನ್ನು ಮುಖ್ಯ ದಾರಿಯಾಗಿಯೂ ಸಿಮ್ಮನ್ನು ಪರ್ಯಾಯವಾಗಿಯೂ ಇಟ್ಟುಕೊಳ್ಳಿ.

ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ರೇಡಿಯೊ ಆವರ್ತನಗಳ ಪಟ್ಟಿಯನ್ನು 2005ರಲ್ಲಿ ಪರವಾನಗಿಯ ಕಟ್ಟಿನಿಂದ ಬಿಡಿಸಿದರು. 2021ರಲ್ಲಿ ಅದು 868ರವರೆಗೆ ವಿಸ್ತರಿಸಿತು. ನಿಗದಿಯಾದ ಶಕ್ತಿಯ ಮಿತಿಯೊಳಗೆ, ಅನುಮೋದನೆ ಪಡೆದ ಮಾದರಿಯ ಉಪಕರಣ ಬಳಸಿದರೆ ಪ್ರತ್ಯೇಕ ಪರವಾನಗಿ ಬೇಡ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಆವರ್ತನದ ಸಂಖ್ಯೆಯನ್ನು ಓದಿ ನೋಡಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಅನೇಕ ಸೆಟ್‌ಗಳು ಅಮೆರಿಕದ 915 ಮೆಗಾಹರ್ಟ್ಸ್‌ಗೆ ತಯಾರಾದವು. ಇಲ್ಲಿ ಆ ಪಟ್ಟಿಯ ಒಂದು ಭಾಗ ಮೊಬೈಲ್ ಸೇವೆಗೆ ಸೇರಿದ್ದು, ಅಲ್ಲಿ ಪ್ರಸಾರ ಮಾಡುವುದು ಕಾನೂನಿಗೆ ವಿರುದ್ಧ.

ಎಂಟು ಕಿಲೋಮೀಟರ್ ಎಂದೊಡನೆ ಎಲ್ಲರೂ ಹೆಚ್ಚು ಶಕ್ತಿಯ ಸೆಟ್ ಹುಡುಕುತ್ತಾರೆ. ಲೆಕ್ಕ ಹಾಕಿ ನೋಡಿದರೆ ಕೊರತೆ ಇರುವುದು ಶಕ್ತಿಯಲ್ಲಲ್ಲ. ಅಡ್ಡಿಯೇ ಇಲ್ಲದ ಬಯಲಿನಲ್ಲಿ 866 ಮೆಗಾಹರ್ಟ್ಸ್‌ನ ಅಲೆ 8 ಕಿಲೋಮೀಟರ್ ಹೋಗುವಷ್ಟರಲ್ಲಿ ಸುಮಾರು 109 ಡೆಸಿಬೆಲ್ (ಸಿಗ್ನಲ್ ಎಷ್ಟು ಕುಗ್ಗಿತೆಂದು ಅಳೆಯುವ ಮಾನ) ಕಳೆದುಕೊಳ್ಳುತ್ತದೆ. ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಕಳುಹಿಸಲೆಂದೇ ಇರುವ ಲೋರಾ ಬಗೆಯ ರೇಡಿಯೊ ನಿಧಾನವಾಗಿ, ಸೆಕೆಂಡಿಗೆ ಕೆಲವು ನೂರು ಬಿಟ್‌ಗಳಂತೆ ಕಳುಹಿಸುವಾಗ, ಬರೀ 25 ಮಿಲಿವಾಟ್ ಶಕ್ತಿಯಲ್ಲೇ 140 ಡೆಸಿಬೆಲ್‌ಗೂ ಹೆಚ್ಚಿನ ನಷ್ಟವನ್ನು ತಡೆದುಕೊಳ್ಳುತ್ತದೆ. ಮೂವತ್ತಕ್ಕೂ ಹೆಚ್ಚು ಡೆಸಿಬೆಲ್ ಕೈಯಲ್ಲೇ ಉಳಿಯಿತು. ಹೀಗಿದ್ದೂ ಇಂಥ ಸಂಪರ್ಕಗಳು ಕೈಕೊಡುವುದೇಕೆಂದರೆ, ಅಲೆಯು ದಾರದಂತೆ ತೆಳುವಾಗಿ ಸಾಗುವುದಿಲ್ಲ. ಎರಡು ತುದಿಗಳಲ್ಲಿ ಸಣ್ಣಗಿದ್ದು ನಡುವೆ ಸೌತೆಕಾಯಿಯಂತೆ ಉಬ್ಬಿದ ಜಾಗವನ್ನು ತುಂಬಿಕೊಂಡು ಸಾಗುತ್ತದೆ. ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. ನಿಮ್ಮ ದೂರಕ್ಕೆ ನಟ್ಟನಡುವೆ ಅದರ ತ್ರಿಜ್ಯ 26 ಮೀಟರ್; ಅದರಲ್ಲಿ ಶೇ 60, ಅಂದರೆ ಸುಮಾರು 16 ಮೀಟರ್, ತೆರವಾಗಿರಬೇಕು. ಭೂಮಿಯ ಉಬ್ಬಿಗೆ ಇನ್ನೊಂದು ಮೀಟರ್ ಸೇರಿಸಿ.

ನಿಮ್ಮ ಭಾಗಕ್ಕೆ ಇನ್ನೊಂದು ಮಾತು ಅನ್ವಯಿಸುತ್ತದೆ. ಕಬ್ಬು ಕಟಾವಾದ ಮೇಲೆ, ಬೇಸಿಗೆಯಲ್ಲಿ, ನಡುವೆ ಖಾಲಿ ಹೊಲವಿರುವಾಗ ಪರೀಕ್ಷೆ ಮಾಡಿದರೆ ಸಿಗ್ನಲ್ ಸೊಗಸಾಗಿ ಬರುತ್ತದೆ. ಅದೇ ಹೊಲದಲ್ಲಿ ಆಳೆತ್ತರ ಮೀರಿದ ಕಬ್ಬು ಮಳೆಗೆ ತೊಯ್ದು ನಿಂತಾಗ, ನೆಲದ ಎತ್ತರವೇ ಮೂರು ಮೀಟರ್ ಏರಿದಂತೆ; ಹಸಿ ಎಲೆಯಲ್ಲಿರುವ ನೀರು ಅಲೆಯನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಹೊಲ ತುಂಬಿರುವ ತಿಂಗಳಲ್ಲಿ ಪರೀಕ್ಷೆ ಮಾಡಿ. ಕಾರ್ಖಾನೆಯಲ್ಲಿ ಎತ್ತರದ ಕಟ್ಟಡ ಇದ್ದೇ ಇರುತ್ತದೆ, ಜಾಕ್‌ವೆಲ್ ಕಡೆಗೆ ಒಂದು ಕಂಬ ನಿಲ್ಲಿಸಿ. ರೇಡಿಯೊವನ್ನು ಕೆಳಗಿಟ್ಟು ಆಂಟೆನಾಕ್ಕೆ ತೆಳ್ಳನೆಯ ಕೇಬಲ್ ಎಳೆಯಬೇಡಿ, ಏಕೆಂದರೆ ಸಾಮಾನ್ಯ ಆರ್‌ಜಿ-58 ಕೇಬಲಿನಲ್ಲಿ ಈ ಆವರ್ತನದ ಸಿಗ್ನಲ್ ಹತ್ತು ಮೀಟರ್ ಸಾಗುವಷ್ಟರಲ್ಲೇ ಮೂರರಲ್ಲಿ ಎರಡು ಪಾಲು ಶಕ್ತಿ ಬಿಸಿಯಾಗಿ ಹೋಗಿರುತ್ತದೆ. ರೇಡಿಯೊವನ್ನು ಮಳೆ ತಡೆಯುವ ಪೆಟ್ಟಿಗೆಯಲ್ಲಿ ಕಂಬದ ಮೇಲೇ ಇಟ್ಟು, ಅಳತೆಗಳನ್ನು ಆರ್‌ಎಸ್-485 ಎಂಬ ದತ್ತಾಂಶ ಸಾಗಿಸುವ ತಂತಿಯಲ್ಲಿ ಮೇಲಕ್ಕೆ ಒಯ್ಯಿರಿ. ಆ ತಂತಿ ನಿಧಾನದ ವೇಗದಲ್ಲಿ 1200 ಮೀಟರ್‌ವರೆಗೂ ನಡೆಯುತ್ತದೆ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ, ಅದರ ಹೊಡೆತವನ್ನು ನೆಲಕ್ಕಿಳಿಸುವ ಅರೆಸ್ಟರ್ ಹಾಕಿ, ಕಂಬದ ಅರ್ಥಿಂಗ್ ಮತ್ತು ಪ್ಯಾನಲ್‌ನ ಅರ್ಥಿಂಗ್ ಎರಡನ್ನೂ ದಪ್ಪ ಪಟ್ಟಿಯಿಂದ ಒಂದಕ್ಕೊಂದು ಜೋಡಿಸಿ.

ನೀವು ಕೇಳದಿದ್ದರೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಹಿಂದೆ ನಾನು ಕೆಲಸಕ್ಕಿದ್ದ ಒಂದು ಕಡೆ ರಾತ್ರಿಯಿಡೀ ಪರದೆಯ ಮೇಲೆ ತೊಟ್ಟಿಯ ಮಟ್ಟ 2.84 ಮೀಟರ್ ಎಂದೇ ಇತ್ತು. ನಾವೆಲ್ಲ ಅದನ್ನು ನೋಡಿ ನೆಮ್ಮದಿಯಿಂದಿದ್ದೆವು. ಬೆಳಗಿನ ಪಾಳಿಗೆ ಬಂದ ಹಿರಿಯರೊಬ್ಬರು ಒಂದು ನಿಮಿಷ ದಿಟ್ಟಿಸಿ, "ಕೊನೆಯ ಅಂಕಿ ಅಲುಗಾಡುತ್ತಲೇ ಇಲ್ಲವಲ್ಲಪ್ಪ" ಎಂದರು. ಪಂಪು ನಡೆಯುತ್ತಿರುವ ತೊಟ್ಟಿಯಲ್ಲಿ ನೀರು ಸದಾ ತುಳುಕುವುದರಿಂದ ಕೊನೆಯ ಅಂಕಿ ಎಂದೂ ತೆಪ್ಪಗೆ ಕೂರುವುದಿಲ್ಲ. ಆದದ್ದಿಷ್ಟು: ನಡುರಾತ್ರಿಗೆ ಮುಂಚೆಯೇ ಆ ಕಡೆಯ ಮೋಡೆಮ್ ನಿಂತುಹೋಗಿತ್ತು, ಈ ಕಡೆಯ ಉಪಕರಣ ಕೊನೆಗೆ ಬಂದ ಅಳತೆಯನ್ನೇ ಹಿಡಿದುಕೊಂಡು ಹೊಸದೆಂಬಂತೆ ತೋರಿಸುತ್ತಿತ್ತು. ಅಷ್ಟರಲ್ಲಿ ತೊಟ್ಟಿ ಬರಿದಾಗಿ ಪಂಪು ನೀರಿಲ್ಲದೆ ಓಡಿ, ಅದರ ಸೀಲ್ ಸುಟ್ಟಿತ್ತು.

ಅಳತೆ ಬಾರದಿದ್ದರೆ ಮನುಷ್ಯ ಎಚ್ಚರಗೊಂಡು ಫೋನ್ ಮಾಡುತ್ತಾನೆ. ಹಳೆಯ ಅಳತೆ ಹೊಸದರ ವೇಷದಲ್ಲಿ ಬಂದರೆ ನಂಬಿ ಕೂರುತ್ತಾನೆ. ತಂತಿಯ ಕಾಲದವರು ಇದನ್ನು ಚೆನ್ನಾಗಿ ಅರಿತಿದ್ದರು. ಸೆನ್ಸರ್‌ನ ಸಿಗ್ನಲ್ಲನ್ನು ಸೊನ್ನೆಯಿಂದ ಆರಂಭಿಸದೆ 4ರಿಂದ 20 ಮಿಲಿ ಆಂಪಿಯರ್ ಎಂದು ಇಟ್ಟದ್ದರಲ್ಲಿ ಈ ವಿವೇಕವಿದೆ: ತೊಟ್ಟಿ ಖಾಲಿಯಾದರೂ 4 ಮಿಲಿ ಆಂಪಿಯರ್ ಹರಿಯುತ್ತಿರುತ್ತದೆ, ಸೊನ್ನೆಯಾದರೆ ತಂತಿಯೇ ತುಂಡಾಗಿದೆ ಎಂದು ತಿಳಿಯುತ್ತದೆ. ರೇಡಿಯೊ ಹಾಕುವಾಗ ಈ ಗುಣವನ್ನು ನಾವೇ ಮರಳಿ ಕಟ್ಟಿಕೊಡಬೇಕು. ಪ್ರತಿ ಸಂದೇಶದ ಜೊತೆ ಒಂದೊಂದಾಗಿ ಏರುವ ಕ್ರಮಸಂಖ್ಯೆಯನ್ನು ಕಳುಹಿಸಿ. ಮೂರು ಸಂದೇಶಗಳ ಹೊತ್ತು ಕಳೆದರೂ ಸಂಖ್ಯೆ ಏರದಿದ್ದರೆ ಪರದೆಯಲ್ಲಿ ಅಂಕಿಯ ಬದಲು ಅಡ್ಡಗೆರೆ ಮೂಡಿ ಗಂಟೆ ಬಾರಿಸಲಿ. ಹಳೆಯ ಮೀಟರಿಗೆ ಸಿಗ್ನಲ್ ಕೊಡುವುದಾದರೆ ಆ ಹೊತ್ತಿನಲ್ಲಿ ಅದು 3.6 ಮಿಲಿ ಆಂಪಿಯರ್‌ಗೆ ಇಳಿಯಲಿ. ಮಾರಾಟಗಾರರು ಉಪಕರಣ ತೋರಿಸಲು ಬಂದಾಗ ಅವರೆದುರಿಗೇ ಕಳುಹಿಸುವ ಕಡೆಯ ಸೆಟ್ಟಿನ ಕರೆಂಟ್ ತೆಗೆದು, ಪರದೆಯಲ್ಲಿ ಏನಾಗುತ್ತದೆ ಎಂದು ನೋಡಿ. ಅಂಕಿ ಹಾಗೇ ನಿಂತರೆ ಆ ಉಪಕರಣವನ್ನು ಕೊಳ್ಳಬೇಡಿ.

ಸಿಮ್ ದಾರಿಗೂ ಇದೇ ನಿಯಮ. ಅಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಎಂಕ್ಯೂಟಿಟಿ ಎಂಬ ಸಂದೇಶ ಸಾಗಿಸುವ ವಿಧಾನವನ್ನು 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ರೂಪಿಸಿದ್ದೇ ದೂರದ ತೈಲ ಪೈಪ್‌ಲೈನ್‌ಗಳ ಅಳತೆಗಳನ್ನು ಉಪಗ್ರಹದ ಮೂಲಕ ತರಲು. ಉಪಕರಣವು ಸಂಪರ್ಕ ಪಡೆಯುವಾಗಲೇ ತನ್ನ 'ಕೊನೆಯ ಮಾತ'ನ್ನು ಸರ್ವರ್‌ನಲ್ಲಿ ಒಪ್ಪಿಸಿರುತ್ತದೆ; ಅದು ಹಠಾತ್ತನೆ ಮೌನವಾದರೆ ಸರ್ವರ್ ಆ ಮಾತನ್ನು ಎಲ್ಲರಿಗೂ ಸಾರುತ್ತದೆ. ಬಹಳ ಮಂದಿ ಈ ಸೌಲಭ್ಯವನ್ನು ಆನ್ ಮಾಡುವುದೇ ಇಲ್ಲ. ನೀವು ಮರೆಯಬೇಡಿ.

ಪ್ರಶ್ನೆ: ನಮ್ಮ ಅದಿರು ಸಾಗಿಸುವ ಕನ್ವೇಯರ್‌ನ ಎರಡು ತುದಿಗಳ ನಡುವೆ ಗುಡ್ಡವಿದೆ. ದೂರ ಮೂರೇ ಕಿಲೋಮೀಟರ್. ಹೆಚ್ಚು ಶಕ್ತಿಯ ಸೆಟ್ ಹಾಕಿದರೆ ದಾಟೀತೇ?
– ಸಂಡೂರಿನ ಓದುಗರು

ಉತ್ತರ: ದಾಟದು. ಕಬ್ಬಿಣದ ಅದಿರು ತುಂಬಿದ ಗುಡ್ಡವನ್ನು ತೂರಿ ಹೋಗುವ ರೇಡಿಯೊ ಇಲ್ಲ. ಎರಡೂ ತುದಿಗಳಿಗೆ ಕಾಣುವ ನೆತ್ತಿಯ ಮೇಲೆ ಸೌರ ಫಲಕದಿಂದ ನಡೆಯುವ ಒಂದು ರಿಪೀಟರ್ (ಒಂದು ಕಡೆಯಿಂದ ಸಿಗ್ನಲ್ ಪಡೆದು ಇನ್ನೊಂದು ಕಡೆಗೆ ಮತ್ತೆ ಕಳುಹಿಸುವ ಸೆಟ್) ಇಡಿ. ಅದು 12 ವೋಲ್ಟಿನಲ್ಲಿ 100 ಮಿಲಿ ಆಂಪಿಯರ್ ಎಳೆಯುವುದಾದರೆ ದಿನಕ್ಕೆ ಸುಮಾರು 29 ವ್ಯಾಟ್-ಅವರ್ ಬೇಕು. ಮೋಡ ಕವಿದ ಐದು ದಿನಗಳಿಗೆ 145, ಅಂದರೆ 12 ವೋಲ್ಟಿನಲ್ಲಿ ಸುಮಾರು 12 ಆಂಪಿಯರ್-ಅವರ್ (ಎಎಚ್). ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಅದರ ಎರಡರಷ್ಟಕ್ಕಿಂತ ತುಸು ಹೆಚ್ಚಿನ, 26 ಎಎಚ್‌ನ ಬ್ಯಾಟರಿ ಹಾಕಬೇಕಾಗುತ್ತದೆ. ಬ್ಯಾಟರಿಯ ವೋಲ್ಟೇಜನ್ನೂ ಒಂದು ಅಳತೆಯಾಗಿ ಕೆಳಕ್ಕೆ ಕಳುಹಿಸುವಂತೆ ಮಾಡಿ. ಗುಡ್ಡ ಹತ್ತಬೇಕಾದ ದಿನ ಯಾವುದೆಂದು ಮೂರು ದಿನ ಮುಂಚೆಯೇ ಗೊತ್ತಾಗುತ್ತದೆ. ಫಲಕದ ಮೇಲೆ ಕೂರುವ ಕೆಂಪು ಧೂಳನ್ನು ಮಾತ್ರ ಆಗಾಗ ಒರೆಸಲೇಬೇಕು.

ಪ್ರಶ್ನೆ: ಅಳತೆ ಬರುವ ಅದೇ ರೇಡಿಯೊ ಮೂಲಕ ದೂರದ ಪಂಪನ್ನು ನಿಲ್ಲಿಸಬಹುದೇ?
– ನಂಜನಗೂಡಿನ ಓದುಗರು

ಉತ್ತರ: ನಿಲ್ಲಿಸಬಹುದು. ಆದರೆ ನೀರು ತೀರಿದಾಗ ಪಂಪನ್ನು ತಡೆಯುವ ಫ್ಲೋಟ್ ಸ್ವಿಚ್ ಮತ್ತು ಡ್ರೈ-ರನ್ ರಕ್ಷಣೆ ಪಂಪ್‌ಹೌಸಿನ ಸ್ಟಾರ್ಟರ್‌ಗೇ ತಂತಿಯಲ್ಲಿ ಜೋಡಣೆಯಾಗಿರಬೇಕು, ರೇಡಿಯೊದ ಹಂಗಿನಲ್ಲಿರಬಾರದು. ಜೊತೆಗೆ, ಆಜ್ಞೆ ಕಳುಹಿಸುವ ಸಂಪರ್ಕಕ್ಕೆ ಗೂಢಲಿಪಿ ಕಡ್ಡಾಯ. ಕಂಪನಿಯಿಂದ ಬಂದ ಮೂಲ ಪಾಸ್‌ವರ್ಡನ್ನು ಪೆಟ್ಟಿಗೆ ಬಿಚ್ಚಿದ ದಿನವೇ ಬದಲಿಸಿ.